ಮಾತಿಗೆ ಮೀರಿ ಬಂದ ಬಿಲ್ಲಿಗೆ ನಾವು ಎಷ್ಟರ ಸಾಲಗಾರರು?



ಒಬ್ಬನು ಮತ್ತೊಬ್ಬನಿಗೆ ಕೊಡಬೇಕಾದದ್ದು ಎಷ್ಟೆಂಬ ಪ್ರಶ್ನೆಯು ನೋಡುವದಕ್ಕೆ ಬಹು ಸುಲಭವಾದದ್ದು. ಇಷ್ಟಕ್ಕೆ ಮಾತಾಯಿತು, ಅಷ್ಟನ್ನು ಕೊಟ್ಟೆವು, ಲೆಕ್ಕ ತೀರಿತು ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಮಾತಾದದ್ದು ಒಂದಾಗಿ, ಕೇಳಿದ್ದು ಮತ್ತೊಂದಾದರೆ ಏನು ಮಾಡತಕ್ಕದ್ದು? ಕೇಳಿದಷ್ಟನ್ನೂ ತೆತ್ತು ಸುಮ್ಮನಿರಬೇಕೋ? ಇಲ್ಲವೆ ಒಂದು ಕಾಸೂ ಕೊಡೆವೆಂದು ಬಾಗಿಲು ಹಾಕಿಕೊಳ್ಳಬೇಕೋ? ಈ ಎರಡು ದಾರಿಗಳಲ್ಲಿ ಯಾವದೂ ನ್ಯಾಯವಾದದ್ದಲ್ಲವೆಂದು ನಾವು ಇತ್ತೀಚೆಗೆ ನಮ್ಮ ಸ್ವಂತ ತಪ್ಪಿನಿಂದಲೇ ಕಲಿತೆವು. ಆದಕಾರಣ ಅದನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತೇವೆ.

ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿರುವ ನಮ್ಮ ಹಿರಿಯರ ಮನೆಯು ಎರಡು ವರ್ಷ ಬೀಗ ಹಾಕಿದಂತೆಯೇ ಇತ್ತು. ಶಿರಾದಿಂದ ಹಿರಿಯೂರಿನ ಕಡೆಗೆ ಹೋಗುವ ಹೆದ್ದಾರಿಯ ಧೂಳು ಕಿಟಕಿಗಳ ಸಂದಿಯಿಂದ ಒಳಗೆ ಸೇರಿ ಬೆರಳಿನ ಗಾತ್ರ ಕೂತಿತ್ತು. ಕೊಳವೆಬಾವಿಯ ಗಡಸು ನೀರಿನಿಂದ ಬಚ್ಚಲಿನ ಕಲ್ಲುಗಳು ಬಿಳೀ ಪೊರೆ ಕಟ್ಟಿದ್ದವು. ಅಡಿಗೆಮನೆಯ ಗೋಡೆಯಲ್ಲಿ ಹಳೆಯ ಒಲೆಯ ಮಸಿಯು ಹಾಗೆಯೇ ಇತ್ತು. ಹೀಗಿರಲಾಗಿ ಮನೆಯಲ್ಲಿ ಮದುವೆ ಗೊತ್ತಾಯಿತು. ಹಿಂದೆ ಇಂಥ ಸಮಯದಲ್ಲಿ ನೆರೆಹೊರೆಯವರು ತಾವಾಗಿಯೇ ಬಂದು, ಗೋಡೆಗೆ ಸುಣ್ಣ ಬಳಿದು, ನೆಲ ತೊಳೆದು, ಒಂದು ಹೊತ್ತು ಮುದ್ದೆ ಉಂಡು ಹೋಗುತ್ತಿದ್ದರು. ಈಗ ತೋಳಿನಲ್ಲಿ ಬಲವಿರುವವರು ಬೆಂಗಳೂರಿನಲ್ಲಿದ್ದಾರೆ. ಊರಲ್ಲಿ ಉಳಿದವರಿಗೆ ಏಣಿ ಹತ್ತುವ ವಯಸ್ಸಲ್ಲ. ಆದದರಿಂದ ಪಟ್ಟಣದಲ್ಲಿರುವ, ಮನೆ ಶುಚಿಮಾಡಿಕೊಡುವ ಒಂದು ಸಂಸ್ಥೆಗೆ ಫೋನು ಮಾಡಿದೆವು. ಅದರ ಮೇಸ್ತ್ರಿಯು, “ಇಡೀ ಮನೆ ಶುದ್ಧಮಾಡಿ ಕೊಡುತ್ತೇವೆ, 3,500 ರೂಪಾಯಿ ಆಗುತ್ತದೆ” ಎಂದನು. ನಾವು ಆಗಲಿ ಎಂದೆವು. ಕಾಗದದ ಮೇಲೆ ಒಂದಕ್ಷರವೂ ಬೀಳಲಿಲ್ಲ.

ಗೊತ್ತಾದ ದಿವಸ ಇಬ್ಬರು ಹೆಂಗಸರೂ ಒಬ್ಬ ಹುಡುಗನೂ ಬಂದು ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ ದುಡಿದರು. ಸಂಜೆಗೆ ನಮ್ಮ ಫೋನಿಗೆ ಬಿಲ್ಲು ಬಂದಿತು. ಮೊತ್ತ 8,260 ರೂಪಾಯಿ! ಮಾತಾಡಿದ 3,500 ಅಲ್ಲದೆ, ಅಟ್ಟದ ಹಳೆಯ ಸಾಮಾನು ಇಳಿಸಿ ಗುಡಿಸಿದ್ದಕ್ಕೆ 800, ನೀರಿನ ಸಂಪು ತೊಳೆದದ್ದಕ್ಕೆ 1,200, ಅಡಿಗೆಮನೆಯ ಮಸಿ ತೆಗೆದದ್ದಕ್ಕೆ 900, ಬಂದುಹೋದ ಖರ್ಚು 600, ಇವೆಲ್ಲದರ ಮೇಲೆ ನೂರಕ್ಕೆ 18ರಂತೆ ತೆರಿಗೆ 1,260. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಜಗಲಿಯ ಮೇಲೆ ಕೂತಿದ್ದ ನಮ್ಮ ವೃದ್ಧ ತಾಯಿಯು ಅದನ್ನು ಕೇಳಿ, “ಓದಕ್ಕೆ ಬಾರದ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತಬೇಡ ಕಣಪ್ಪ” ಎಂದಳು. ಆಕೆಯ ಮಾತಿನ ಹಿಂದೆ ಏನಿದೆಯೆಂಬದು ನಮ್ಮ ಹಳ್ಳಿಗಳ ವಾಚಕರಿಗೆ ತಿಳಿಯದ ವಿಷಯವಲ್ಲ. ಸಾಹುಕಾರನ ಪುಸ್ತಕದಲ್ಲಿ ಹತ್ತು ರೂಪಾಯಿ ಹೇಗೆ ನೂರಾಯಿತೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ, ತಾವೂ ತಮ್ಮ ಮಕ್ಕಳೂ ಜೀತಕ್ಕೆ ನಿಂತವರ ನೆನಪು ಇನ್ನೂ ಅನೇಕ ಮನೆಗಳಲ್ಲಿ ಉಂಟು. ಜೀತ ಪದ್ಧತಿಯನ್ನು ರದ್ದುಮಾಡಿದ ಕಾಯಿದೆಯು ಬಂದದ್ದು 1976ರಲ್ಲಿ. ಅದು ಬಹು ದೂರದ ಕಾಲವಲ್ಲ.

ಆ ನೆನಪು ನಮ್ಮಲ್ಲಿ ಕೋಪವಾಗಿ ಎದ್ದಿತು. ಕೋಪವು ಹುಡುಕುವದು ಹತ್ತಿರ ನಿಂತವರನ್ನೇ. ಬಿಲ್ಲು ಬರೆದ ಮೇಸ್ತ್ರಿಯು ಪಟ್ಟಣದಲ್ಲಿದ್ದನು. ಬಕೀಟುಗಳನ್ನು ತೊಳೆದಿಟ್ಟು ಕಡೇ ಬಸ್ಸಿಗಾಗಿ ಅವಸರಪಡುತ್ತಿದ್ದ ಹೆಂಗಸರು ಅಂಗಳದಲ್ಲಿದ್ದರು. “ಇದೇನು ಹಗಲುದರೋಡೆ! ಒಂದು ಕಾಸೂ ಕೊಡುವದಿಲ್ಲವೆಂದು ನಿಮ್ಮ ಯಜಮಾನನಿಗೆ ಹೇಳಿರಿ” ಎಂದು ನೆರೆಯವರು ಕೇಳುವಂತೆ ಕೂಗಿದೆವು. ಅವರಲ್ಲಿ ಹಿರಿಯಳು ತಲೆ ಎತ್ತದೆ, “ಬಿಲ್ಲು ನಮಗೆ ಗೊತ್ತಿಲ್ಲ ಅಣ್ಣ. ಮಾಡಿದ ಕೆಲಸದ್ದೆಲ್ಲಾ ಫೋಟೋ ಕಳಿಸು ಅಂತಾರೆ, ಕಳಿಸ್ತೀವಿ. ದುಡ್ಡು ಬರಲಿಲ್ಲ ಅಂದ್ರೆ ನಮ್ಮ ಕೂಲೀಲಿ ಹಿಡೀತಾರೆ” ಎಂದಳು. ನಾವು ಆಕೆಯ ಮಾತನ್ನು ಕೇಳಿದೆವು, ಆದರೆ ಕಿವಿಗೊಡಲಿಲ್ಲ. ಅವರು ಬರಿಗೈಯಲ್ಲಿ ಹೋದರು.

ರಾತ್ರಿ ನಿದ್ರೆ ಬರಲಿಲ್ಲ. ಮನೆಯು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಮಲಗಿದ್ದ ನಾವು ಆ ದಿನದ ದುಡಿತಕ್ಕೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಆಗ ಮೂರು ಪ್ರಶ್ನೆಗಳು ಒಂದರ ಹಿಂದೊಂದು ಬಂದವು.

ಒಂದನೆಯದು, ಇಂಥ ವಿಷಯದಲ್ಲಿ ವಾದಮಾಡುವದೇ ಯುಕ್ತವೋ? ನಮ್ಮ ಸಭೆಗಳಲ್ಲಿ ಕೆಲವು ಭಕ್ತರು, “ಕೇಳಿದಷ್ಟು ಕೊಟ್ಟುಬಿಡಿರಿ, ಜಗಳವು ನಮ್ಮಂಥವರಿಗೆ ತಕ್ಕದ್ದಲ್ಲ” ಎನ್ನುವದುಂಟು. ಇದು ಕೇಳುವದಕ್ಕೆ ಸಾತ್ವಿಕವಾದ ಮಾತು. ಆದರೂ ಇದನ್ನು ಶೋಧಿಸಿ ನೋಡಬೇಕು. ನಮ್ಮದನ್ನು ನಾವು ಬಿಟ್ಟುಕೊಡುವದಕ್ಕೆ ನಮಗೆ ಅಧಿಕಾರವುಂಟು. ಆದರೆ ಹೇಳದೆ ಏರಿಸಿದ ಲೆಕ್ಕವನ್ನು ನಾವು ಸುಮ್ಮನೆ ತೆತ್ತರೆ, ಅದೇ ಲೆಕ್ಕವು ನಾಳೆ ಪಕ್ಕದ ಬೀದಿಯ ವಿಧವೆಯ ಬಾಗಿಲಿಗೆ ಹೋಗುವದು. ಆಕೆಯದನ್ನು ಬಿಟ್ಟುಕೊಡುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಅದಲ್ಲದೆ, ಹೊರಗೆ ಕೊಟ್ಟು ಒಳಗೆ ಶಪಿಸುವವನು ಸಮಾಧಾನವನ್ನು ಕೊಂಡುಕೊಂಡಿಲ್ಲ, ದ್ವೇಷವನ್ನು ಕೊಂಡುಕೊಂಡಿದ್ದಾನೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯವನ್ನು ಓದುವವರು, ತಪ್ಪುಮಾಡಿದವನ ಮುಂದೆ ಸುಮ್ಮನಿರಬೇಕೆಂದು ಅಲ್ಲಿ ಕಾಣುವದಿಲ್ಲ. ಮೊದಲು ಅವನೊಬ್ಬನ ಸಂಗಡ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕಡೆಯಲ್ಲಿ ಸಭೆಯ ಮುಂದೆ ಎಂಬ ಕ್ರಮವನ್ನು ಕಾಣುತ್ತಾರೆ. ನಾವಾದರೋ ಆ ಕ್ರಮವನ್ನು ತಲೆಕೆಳಗು ಮಾಡಿ, ಬೀದಿಯಿಂದಲೇ ಆರಂಭಿಸಿದ್ದೆವು. ಅದೂ ತಪ್ಪುಮಾಡಿದವನೊಂದಿಗೆ ಅಲ್ಲ.

ಎರಡನೆಯದು, ನಾವು ನಿಜವಾಗಿ ಎಷ್ಟರ ಸಾಲಗಾರರು? ಬೆಳಿಗ್ಗೆ ಎದ್ದು ಬಿಲ್ಲನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಒಂದೊಂದು ಬಾಬತ್ತಿನ ಎದುರಿಗೂ ಇದಕ್ಕೆ ನಮ್ಮ ಮಾತು ಉಂಟೋ ಇಲ್ಲವೋ ಎಂದು ವಿಚಾರಿಸಿಕೊಂಡೆವು. 3,500ಕ್ಕೆ ಮಾತು ಉಂಟು; ಅದನ್ನು ಕೊಡುವದರಲ್ಲಿ ವಾದವೇ ಇಲ್ಲ. ಅಡಿಗೆಮನೆಯು ಇಡೀ ಮನೆಯೊಳಗೆ ಸೇರಿದ್ದಲ್ಲವೇ? ಮನೆಯೆಲ್ಲಾ ಎಂದು ಬೆಲೆ ಹೇಳಿ, ಆಮೇಲೆ ಅದರ ಒಂದು ಕೋಣೆಗೆ ಬೇರೆ ಬೆಲೆ ಕೇಳುವದು ನ್ಯಾಯವಲ್ಲ. ಊರು ಎಷ್ಟು ದೂರವೆಂದು ಮೇಸ್ತ್ರಿಗೆ ಮೊದಲೇ ತಿಳಿದಿತ್ತು. ಬಂದುಹೋದ ಖರ್ಚನ್ನು ಆಗಲೇ ಹೇಳಬೇಕಾಗಿತ್ತು.

ಅಟ್ಟದ 800 ರೂಪಾಯಿಗೆ ಬಂದಾಗ ಲೇಖಣಿಯು ನಿಂತಿತು. ಮಧ್ಯಾಹ್ನದಲ್ಲಿ ಆ ಹುಡುಗನನ್ನು ಕರೆದು, “ಅಟ್ಟವನ್ನೂ ಒಂದಿಷ್ಟು ನೋಡಪ್ಪಾ” ಎಂದು ಹೇಳಿದವರು ನಾವೇ. ಮಾತು ಆಡಿದ್ದೆವು, ಬೆಲೆ ಕೇಳಿರಲಿಲ್ಲ, ಬಿಲ್ಲು ಬಂದಾಗ ಅದನ್ನು ಮರೆತಿದ್ದೆವು. ಮೇಸ್ತ್ರಿಯು ಹೇಳದೆ ಏರಿಸಿದನೆಂದು ಕೂಗಿದವರು ಕೇಳದೆ ಏರಿಸಿಕೊಂಡಿದ್ದರು! “ಒಂದಿಷ್ಟು” ಎಂಬ ಈ ಸಣ್ಣ ಮಾತನ್ನು ನಾವು ಕೂಲಿಯವರಿಗೆ ಎಷ್ಟು ಸುಲಭವಾಗಿ ಆಡುತ್ತೇವೆ! ನಮ್ಮ ನಾಲಿಗೆಗೆ ಅದು ಹಗುರ. ಏಣಿ ಹತ್ತಿದವನ ಸೊಂಟಕ್ಕೆ ಭಾರ.

ಸಂಪಿನ ವಿಷಯವು ಇನ್ನೂ ಕಷ್ಟವಾದದ್ದು. ಅದನ್ನು ತೊಳೆಯಿರೆಂದು ನಾವು ಹೇಳಿರಲಿಲ್ಲ. ಮುಚ್ಚಳ ತೆಗೆದು ನೋಡಿದ ಆ ಹಿರಿಯ ಹೆಂಗಸು, “ನೀರು ನಾರ್ತದೆ, ಸೊಳ್ಳೆಮರಿ ತುಂಬವೆ, ಮದುವೆಗೆ ಮಕ್ಕಳು ಬರಲ್ವೇ” ಎಂದು ತಾನಾಗಿಯೇ ಇಳಿದು ತೊಳೆದಳು. ಕೇಳದೆ ಮಾಡಿದ ಕೆಲಸಕ್ಕೆ ಬೆಲೆ ಕೊಡಬೇಕೋ? ಕೊಡಬೇಕಾಗಿಲ್ಲವೆಂದು ಮೊದಲು ತೋರಿತು. ಆದರೆ ಆ ಹೊತ್ತಿನಲ್ಲಿ ನಾವೆಲ್ಲಿದ್ದೆವು? ಜಗಲಿಯ ಮೇಲೆ ಕೂತು ನೋಡುತ್ತಿದ್ದೆವು. ಬೇಡವೆನ್ನುವದಕ್ಕೆ ಒಂದು ಮಾತು ಸಾಕಾಗಿತ್ತು. ಅದನ್ನು ಆಡಲಿಲ್ಲ, ಯಾಕಂದರೆ ಕೆಲಸವು ನಮಗೆ ಬೇಕಾಗಿತ್ತು. ಈ ವಿಷಯದಲ್ಲಿ ದೇಶದ ಕಾಯಿದೆಯೂ ನಮ್ಮ ಮನಸ್ಸಾಕ್ಷಿಯೂ ಒಂದೇ ಮಾತು ಹೇಳುತ್ತವೆ. 1872ರ ಭಾರತೀಯ ಕರಾರು ಕಾಯಿದೆಯ 70ನೆಯ ಕಲಮಿನ ಪ್ರಕಾರ, ಒಬ್ಬನು ನ್ಯಾಯವಾಗಿ ಮತ್ತೊಬ್ಬನಿಗೋಸ್ಕರ ಒಂದು ಕೆಲಸವನ್ನು ಪುಕ್ಕಟೆಯಾಗಿ ಮಾಡಬೇಕೆಂಬ ಉದ್ದೇಶವಿಲ್ಲದೆ ಮಾಡಿದರೆ, ಅದರ ಪ್ರಯೋಜನವನ್ನು ಅನುಭವಿಸಿದವನು ಅದಕ್ಕೆ ತಕ್ಕ ಪ್ರತಿಫಲವನ್ನು ಕೊಡಬೇಕು. ಬಾಯಿಮಾತು ಮಾತ್ರವಲ್ಲ, ನೋಡಿಕೊಂಡು ಸುಮ್ಮನೆ ಸ್ವೀಕರಿಸಿದ್ದೂ ನಮ್ಮನ್ನು ಸಾಲಗಾರರನ್ನಾಗಿ ಮಾಡುತ್ತದೆ. ಆದರೆ ಆ ಸಾಲವು ತಕ್ಕಷ್ಟೇ ಹೊರತು ಕೇಳಿದಷ್ಟಲ್ಲ. ಊರಲ್ಲಿ ಸಂಪು ತೊಳೆಯುವವನನ್ನು ವಿಚಾರಿಸಿದೆವು. ಅಷ್ಟು ದೊಡ್ಡದಕ್ಕೆ 700 ರೂಪಾಯಿ ತೆಗೆದುಕೊಳ್ಳುವೆನೆಂದನು. 700 ಎಂದು ಬರೆದುಕೊಂಡೆವು.

ತೆರಿಗೆಯೊಂದು ಉಳಿಯಿತು. 2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯಂತೆ, ನೋಂದಣಿ ಮಾಡಿಸಿಕೊಳ್ಳದವನು ತೆರಿಗೆಯೆಂದು ಹೇಳಿ ಯಾರಿಂದಲೂ ಹಣ ಎತ್ತಕೂಡದು. ನೋಂದಣಿಯಾದವನ ಬಿಲ್ಲಿನಲ್ಲಿ ಅವನ ನೋಂದಣಿಯ ಸಂಖ್ಯೆ ಇರಲೇಬೇಕು. ನಮ್ಮ ಬಿಲ್ಲಿನಲ್ಲಿ ಅದು ಇರಲಿಲ್ಲ. ಸರಕಾರಕ್ಕೆ ಸಲ್ಲುವ ತೆರಿಗೆಯನ್ನು ತಪ್ಪಿಸಿಕೊಳ್ಳುವದು ಹೇಗೆ ತಪ್ಪೋ, ಹಾಗೆಯೇ ಸರಕಾರದ ಹೆಸರಿನಲ್ಲಿ ಎತ್ತಿ ತನ್ನ ಚೀಲಕ್ಕೆ ಹಾಕಿಕೊಳ್ಳುವದೂ ತಪ್ಪು. ಹೀಗೆ ಕೂಡಿಸಿ ನೋಡಿದಾಗ 3,500, 800, 700, ಒಟ್ಟು 5,000 ರೂಪಾಯಿ ನಾವು ಕೊಡಬೇಕಾದದ್ದೆಂದು ತಿಳಿಯಿತು. ಅವನು ಕೇಳಿದ್ದೂ ನ್ಯಾಯವಲ್ಲ, ನಾವು ಹಟಹಿಡಿದದ್ದೂ ನ್ಯಾಯವಲ್ಲ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾದದ್ದು. ಬಿಲ್ಲಿನ ಜಗಳದಲ್ಲಿ ಪೆಟ್ಟು ಯಾರಿಗೆ ಬಿತ್ತು? ಬೆಲೆ ಹೇಳಿದವನು ಯಜಮಾನ, ಏರಿಸಿದವನು ಯಜಮಾನ, ಕೊಡೆವೆಂದವರು ನಾವು. ಆದರೆ ಕೂಲಿಯಲ್ಲಿ ಹಿಡಿದದ್ದು ಆ ಹೆಂಗಸಿನದು. ನಾವು ಸಂಸ್ಥೆಯನ್ನು ಹೊಡೆದೆವೆಂದು ತಿಳಿದು ಬಡವಳನ್ನು ಹೊಡೆದಿದ್ದೆವು. ಕಾಯಿದೆಯೂ ಈ ಅನ್ಯಾಯವನ್ನು ಬಹಳ ಕಾಲದ ಹಿಂದೆಯೇ ಕಂಡಿತು. 1936ರಲ್ಲಿಯೇ ವೇತನ ಪಾವತಿಯ ಕಾಯಿದೆಯು ಕಾರ್ಖಾನೆ ಮತ್ತು ರೈಲ್ವೆಯ ಕೆಲಸಗಾರರ ಕೂಲಿಯಿಂದ ಧಣಿಯು ಮನಸ್ಸಿಗೆ ಬಂದಂತೆ ಮುರಿದುಕೊಳ್ಳದ ಹಾಗೆ ತಡೆಯಿತು. ನಮ್ಮ ಕರ್ನಾಟಕವು 2004ರಲ್ಲಿ ಮನೆಗೆಲಸದವರಿಗೂ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. ಆದರೂ ಗಿರಾಕಿಯು ದುಡ್ಡು ಕೊಡದಿದ್ದರೆ ಗುಡಿಸಿದವಳ ಹೊಟ್ಟೆಯ ಮೇಲೆ ಹೊಡೆಯುವ ಪದ್ಧತಿಯು ಇನ್ನೂ ನಿಂತಿಲ್ಲ.

ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯವನ್ನು ನಾವೆಲ್ಲರೂ ಎಷ್ಟೋ ಸಾರಿ ಕೇಳಿದ್ದೇವೆ. ಅಲ್ಲಿಯ ಯಜಮಾನನು ಬೆಳಿಗ್ಗೆ ಬಂದವರಿಗೆ ಮಾತಾದಷ್ಟನ್ನು ಕೊಟ್ಟನು. ಕಡೆಗೆ ಬಂದವರಿಗೆ ಅವರ ದುಡಿತಕ್ಕಿಂತ ಹೆಚ್ಚು ಕೊಟ್ಟನು. ಇದರಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಭೇದವನ್ನು ಗಮನಿಸಿರಿ. ಮಾತಿಗಿಂತ ಹೆಚ್ಚಾಗಿ ಕೊಡುವ ಸ್ವಾತಂತ್ರ್ಯವು ಕೊಡುವವನಿಗೆ ಯಾವಾಗಲೂ ಉಂಟು; ಮಾತಿಗಿಂತ ಹೆಚ್ಚಾಗಿ ಕೀಳುವ ಸ್ವಾತಂತ್ರ್ಯವು ಕೇಳುವವನಿಗೆ ಇಲ್ಲ; ಮಾತಿಗಿಂತ ಕಡಿಮೆ ಕೊಡುವ ಸ್ವಾತಂತ್ರ್ಯವು ಯಾರಿಗೂ ಇಲ್ಲ. ಮತ್ತು ಸಾಯಂಕಾಲವಾದಾಗ ಕೂಲಿಯು ಕೂಲಿಯವನ ಕೈಗೆ ಬಂದಿರಬೇಕು. ಲೆಕ್ಕದ ಜಗಳವು ಮುಗಿಯುವ ತನಕ ಹಸಿವು ಕಾಯುವದಿಲ್ಲ.

ನಾವು ನಮ್ಮ ಬೀದಿಯ ಇಬ್ಬರು ಹಿರಿಯರನ್ನು ಜೊತೆಗೆ ಕೂರಿಸಿಕೊಂಡು, ಮೇಸ್ತ್ರಿಯನ್ನು ಮನೆಗೆ ಕರಸಿ, ಆ ಹಾಳೆಯನ್ನು ಅವನ ಮುಂದಿಟ್ಟೆವು. ಮೊದಲು ಅಟ್ಟದ ವಿಷಯದಲ್ಲಿ ನಮ್ಮ ತಪ್ಪನ್ನು ನಾವೇ ಒಪ್ಪಿಕೊಂಡೆವು. ಇದರಿಂದ ಅವನ ಧ್ವನಿಯು ತಗ್ಗಿತು. ನೋಂದಣಿಯ ಸಂಖ್ಯೆಯನ್ನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ತೆರಿಗೆಯ ಸಾಲನ್ನು ತಾನೇ ಹೊಡೆದುಹಾಕಿದನು. ಉಳಿದದ್ದಕ್ಕೆ ಒಂದು ಗಳಿಗೆ ವಾದವಾಗಿ 5,000ಕ್ಕೆ ಒಪ್ಪಿ, ರಸೀದಿ ಬರೆದುಕೊಟ್ಟನು. ಕೆಲಸದವರ ಕೂಲಿಯಲ್ಲಿ ಹಿಡಿದದ್ದನ್ನು ಹಿಂದಕ್ಕೆ ಕೊಡುವೆನೆಂಬದನ್ನೂ ಅದರಲ್ಲೇ ಬರೆಸಿದೆವು.

ಆದರೆ ಆ ಹೆಂಗಸಿಗೆ ಹಿಡಿದಿದ್ದ 200 ರೂಪಾಯಿ ಸೇರುವದಕ್ಕೆ ಇನ್ನೂ ಎಂಟು ದಿವಸ ಹಿಡಿಯಿತು. ಕ್ಷಮೆ ಕೇಳುವದಕ್ಕಾಗಿ ನಾವು ಆಕೆಯ ಹಳ್ಳಿಗೆ ಹೋದಾಗ, ಆ ವಾರದ ಸಂಘದ ಕಂತಿಗಾಗಿ ಆಕೆಯು ಪಕ್ಕದ ಮನೆಯಲ್ಲಿ ಕೈಸಾಲ ಮಾಡಿದ್ದಳೆಂದು ತಿಳಿಯಿತು. “ಕೊಟ್ರಲ್ಲ, ಬಿಡಿ ಅಣ್ಣ” ಎಂದಷ್ಟೇ ಹೇಳಿ ಆಕೆ ಕುಡಿಯುವದಕ್ಕೆ ನೀರು ತಂದುಕೊಟ್ಟಳು. ಆ ನೀರು ಗಂಟಲಲ್ಲಿ ಇಳಿಯುವದು ಕಷ್ಟವಾಯಿತು. ಹಣವನ್ನು ಹಿಂದಕ್ಕೆ ಕೊಡಬಹುದು. ಬೀದಿಯಲ್ಲಿ ಕೂಗಿದ ಮಾತನ್ನು ಯಾವ ರಸೀದಿಯಿಂದ ಹಿಂದಕ್ಕೆ ತೆಗೆದುಕೊಳ್ಳುವದು?

ಸಮಾಧಾನದಿಂದ ತೀರದೆಹೋದರೆ ಏನು ಮಾಡತಕ್ಕದ್ದೆಂದು ವಾಚಕರು ಕೇಳಬಹುದು. ಅದಕ್ಕೂ ದಾರಿಯುಂಟು, ಅದನ್ನು ತಿಳಿದಿರುವದು ಬಡವರಿಗೆ ಅವಶ್ಯ. 1986ರ ಡಿಸೆಂಬರ್ 24ರಂದು ಅಂಗೀಕಾರವಾದ ಗ್ರಾಹಕರ ಕಾಯಿದೆಯ ಸ್ಥಾನದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿತು. ತುಮಕೂರಿನಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ನಮ್ಮ ಜಿಲ್ಲೆಯ ನಿವಾಸಿಯು, ಸಂಸ್ಥೆಯು ಬೇರೆ ಊರಿನದಾದರೂ, ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲನು ಇರಲೇಬೇಕೆಂಬ ನಿಯಮವೂ ಇಲ್ಲ. ಅದಕ್ಕಿಂತ ಮೊದಲು 1915 ಎಂಬ ಸಂಖ್ಯೆಗೆ ಫೋನು ಮಾಡಿ ಸಲಹೆ ಕೇಳಬಹುದು. ಬಿಲ್ಲು ಕೊಡದಿರುವದನ್ನು ಈ ಕಾಯಿದೆಯು ಅನ್ಯಾಯದ ವ್ಯಾಪಾರವೆಂದು ಎಣಿಸುತ್ತದೆ. ಫೋನಿನ ಮೂಲಕ ವ್ಯಾಪಾರಮಾಡುವವರು ಮೊದಲು ಸಣ್ಣ ಬೆಲೆ ತೋರಿಸಿ ಆಮೇಲೆ ಹನಿಹನಿಯಾಗಿ ಏರಿಸುವದನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿಗಳು ಹೆಸರಿಟ್ಟು ನಿಷೇಧಿಸಿವೆ. ಆದರೆ ಒಂದು ಭೇದವನ್ನು ಮರೆಯಬಾರದು. ಸಂಸ್ಥೆಯಿಂದ ಸೇವೆಯನ್ನು ಕೊಂಡವನಿಗೆ ಈ ಕಾಯಿದೆಯು ಒದಗುತ್ತದೆ. ನಾವೇ ನೇರವಾಗಿ ಮನೆಗೆಲಸಕ್ಕೆ ಇಟ್ಟುಕೊಂಡ ಆಳಿನ ಮೇಲೆ ಇದರಿಂದ ದೂರು ಹೇಳಲಾಗದು. ವ್ಯಾಪಾರಿಗೂ ಆಳಿಗೂ ಇರುವ ಅಂತರವನ್ನು ಕಾಯಿದೆಯೇ ಕಂಡಿರುವಾಗ ಅದನ್ನು ನಾವು ಕಾಣದೆ ಇರಬಹುದೇ?

ಹೀಗಿರುವದರಿಂದ ಮುಂದೆ ಇಂಥ ಕೆಲಸ ಮಾಡಿಸುವವರು ಈ ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡಲಿ. ಬೆಲೆಯನ್ನು ಕನ್ನಡದಲ್ಲಿ ಬರೆಸಿಕೊಳ್ಳಿರಿ. ಅದರಲ್ಲಿ ಯಾವ ಯಾವ ಕೋಣೆ, ಅಟ್ಟ ಸೇರಿತೋ, ಸಂಪು ಸೇರಿತೋ, ಬಂದುಹೋಗುವ ಖರ್ಚು, ತೆರಿಗೆ ಸೇರಿತೋ ಎಂದು ಕಾಣಿಸಲಿ. ಕೆಲಸದ ನಡುವೆ ಏನಾದರೂ ಹೆಚ್ಚಾಗಿ ಹೇಳಿದರೆ ಆಗಲೇ ಅದರ ಬೆಲೆಯನ್ನೂ ಕೇಳಿರಿ. ಹೇಳದ ಕೆಲಸವನ್ನು ಮಾಡುವದು ಕಂಡರೆ ಬೇಕು ಅಥವಾ ಬೇಡ ಎನ್ನಿರಿ. ಕಂಡೂ ಕಾಣದಂತೆ ಕೂತಿರಬೇಡಿರಿ. ಬಿಲ್ಲಿನಲ್ಲಿ ವಾದವಿದ್ದರೆ, ವಾದವಿಲ್ಲದ ಭಾಗವನ್ನು ಆ ದಿವಸವೇ ಕೊಟ್ಟು ರಸೀದಿ ಪಡೆಯಿರಿ. ಉಳಿದದ್ದನ್ನು ಕುರಿತು ಬೆಲೆ ಹೇಳಿದವನ ಸಂಗಡಲೇ ಮಾತಾಡಿರಿ, ಪೊರಕೆ ಹಿಡಿದವರ ಸಂಗಡ ಅಲ್ಲ.

ಈ ಮಾತನ್ನು ಕೆಲಸ ಮಾಡಿಸುವವರಿಗೆ ಮಾತ್ರ ಹೇಳುವದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ಎಷ್ಟೋ ಮಂದಿ ಅಕ್ಕತಂಗಿಯರು ಬೆಂಗಳೂರಿಗೆ ಹೋಗಿ ಪರರ ಮನೆಗಳನ್ನು ಗುಡಿಸಿ ತೊಳೆದು ಮಕ್ಕಳನ್ನು ಓದಿಸುತ್ತಿದ್ದಾರೆ. ನಮ್ಮ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ ಆ ಹೆಂಗಸಿನಂತೆಯೇ ಇಂದು ಸಂಜೆ ನಮ್ಮ ಮಗಳೋ ಸೊಸೆಯೋ ಯಾವದಾದರೂ ಅಂಗಳದಲ್ಲಿ ನಿಂತಿರಬಹುದು. ಅಲ್ಲಿಯ ಮನೆಯವರು ಯಾವ ಮಾತನ್ನು ಆಡಬೇಕೆಂದು ನಾವು ಬಯಸುವೆವೋ ಅದನ್ನೇ ನಮ್ಮ ಅಂಗಳದಲ್ಲಿಯೂ ಆಡೋಣ. ಬಿಲ್ಲು ಹೆಚ್ಚಾಗಿದ್ದರೆ ಹೆಚ್ಚೆಂದು ಹೇಳೋಣ. ಆದರೆ ಹಾಗೆ ಹೇಳುವ ಮೊದಲು ಆ ದಿನದ ಕೂಲಿಯು ಅವರ ಕೈ ಸೇರಿತೋ ಎಂದು ಕೇಳೋಣ.